ಒಳಅಂಚು ಸವೆದ ಟೈರು: ಎರಡು ಬದಲಿಸುವುದೋ, ನಾಲ್ಕೋ?

ಪ್ರಶ್ನೆ: ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. 2019ರಲ್ಲಿ ಕೊಂಡ ಪೆಟ್ರೋಲ್ ಸೆಡಾನ್ ಕಾರು 52,000 ಕಿ.ಮೀ. ಓಡಿದೆ. ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ತಿಂಗಳಿಗೊಮ್ಮೆ ಹೋಗಿಬರುತ್ತೇವೆ, ಹಲವು ಸಲ ಅಪ್ಪ ಅಮ್ಮನೂ ಜೊತೆಗಿರುತ್ತಾರೆ. ಮುಂದಿನ ಎರಡು ಟೈರುಗಳ ಒಳಅಂಚು ಪೂರ್ತಿ ನುಣ್ಣಗಾಗಿದೆ, ಹೊರಗಡೆ ಇನ್ನೂ ಬಟನ್ (ಟೈರಿನ ಮೈಮೇಲಿನ ಉಬ್ಬು ಕಟ್ಟುಗಳು) ಇದೆ. ಮೂರು ತಿಂಗಳ ಹಿಂದಷ್ಟೇ ವೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವ ಕೆಲಸ) ಮಾಡಿಸಿದ್ದೆ. ಹಿಂದಿನ ಟೈರುಗಳಲ್ಲಿ ಅರ್ಧದಷ್ಟು ಬಟನ್ ಉಳಿದಿದೆ, ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕುಗಳು ಕಾಣುತ್ತವೆ. ನಾಲ್ಕರ ಮೇಲೂ 185/65 ಆರ್15 88ಎಚ್ ಎಂದಿದೆ, ಒಂದು ಮೂಲೆಯಲ್ಲಿ 1119 ಎಂಬ ಅಂಕಿ ಇದೆ. ಅಂಗಡಿಯವರು ನಾಲ್ಕನ್ನೂ ಬದಲಿಸಿ, 205 ಅಗಲದ್ದು ಹಾಕಿಸಿಕೊಳ್ಳಿ, ಹಿಡಿತ ಚೆನ್ನಾಗಿರುತ್ತದೆ ಎನ್ನುತ್ತಾರೆ. ನಮ್ಮ ಭಾವ ಎರಡೇ ಸಾಕು, ಹೊಸದನ್ನು ಮುಂದೆ ಹಾಕಿಸು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನಾಲ್ಕೂ ಟೈರು ಬದಲಿಸಿ. ಈ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಸರಿ. ಅಗಲದ ಟೈರು ಬೇಡ. ಎರಡನ್ನೇ ಕೊಳ್ಳುವ ಪರಿಸ್ಥಿತಿ ಬಂದರೂ ನಿಮ್ಮ ಭಾವನವರು ಹೇಳಿದಂತೆ ಹೊಸದನ್ನು ಮುಂದೆ ಹಾಕಿಸಬೇಡಿ. ಇಷ್ಟಕ್ಕಿಂತ ಮೊದಲು ಆಗಬೇಕಾದ ಕೆಲಸ ಇನ್ನೊಂದಿದೆ: ಆ ಒಳಅಂಚು ಯಾಕೆ ಸವೆಯಿತು ಎಂಬುದನ್ನು ಪತ್ತೆ ಮಾಡಿಸಿ. ಅದು ಗೊತ್ತಾಗದೆ ಹೊಸ ಟೈರು ಹಾಕಿಸಿದರೆ ಹತ್ತು ಹನ್ನೆರಡು ಸಾವಿರ ಕಿ.ಮೀ.ಗಳಲ್ಲಿ ಅವಕ್ಕೂ ಇದೇ ಗತಿ.

ಚಿತ್ರದುರ್ಗದಲ್ಲಿ ಇಪ್ಪತ್ತನಾಲ್ಕು ವರ್ಷಗಳಿಂದ ಟೈರು ಮತ್ತು ಅಲೈನ್‌ಮೆಂಟ್ ಕೆಲಸ ಮಾಡುತ್ತಿದ್ದೇನೆ. ಸವೆದ ಟೈರನ್ನು ಬಿಚ್ಚಿ ಮೂಲೆಗೆ ಎಸೆಯುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾರಿನ ಕೆಳಗೆ ಏನಾಗುತ್ತಿದೆ ಎಂಬುದನ್ನು ಆ ಟೈರಿನಷ್ಟು ಸ್ಪಷ್ಟವಾಗಿ ಹೇಳುವ ಸಾಕ್ಷಿ ಬೇರೊಂದಿಲ್ಲ. ಎರಡೂ ಅಂಚು ಸವೆದು ನಡುವೆ ಬಟನ್ ಉಳಿದಿದ್ದರೆ ಬಹಳ ದಿನ ಗಾಳಿ ಕಡಿಮೆ ಇಟ್ಟು ಓಡಿಸಿದ್ದಾರೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ, ಇಲ್ಲವೇ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಸುತ್ತ ಭಾರದ ಸಮತೋಲ, ತಪ್ಪಿದೆ. ನಿಮ್ಮದರಂತೆ ಒಂದೇ ಅಂಚು ಸವೆದಿದ್ದರೆ ಚಕ್ರ ನೆಟ್ಟಗೆ ನಿಂತಿಲ್ಲ, ಅಥವಾ ನೆಟ್ಟಗೆ ಉರುಳುತ್ತಿಲ್ಲ.

ಇವೆರಡರಲ್ಲಿ ಯಾವುದು ಎಂಬುದನ್ನು ನೀವೇ ನೋಡಬಹುದು. ಸ್ಟೇರಿಂಗನ್ನು ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ, ಇಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿಯಿರಿ. ಟೈರು ತಣ್ಣಗಿರಲಿ. ಅಂಗೈಯನ್ನು ಟೈರಿನ ಮೈಮೇಲೆ ಒಳಗಿನಿಂದ ಹೊರಕ್ಕೆ ನಿಧಾನವಾಗಿ ಎಳೆಯಿರಿ, ಆಮೇಲೆ ಹೊರಗಿನಿಂದ ಒಳಕ್ಕೆ. ಒಂದು ದಿಕ್ಕಿಗೆ ನುಣುಪಾಗಿದ್ದು ಇನ್ನೊಂದು ದಿಕ್ಕಿಗೆ ಬಟನ್‌ಗಳ ಅಂಚು ಗರಗಸದ ಹಲ್ಲಿನಂತೆ ಕೈಗೆ ಹತ್ತಿದರೆ ಅದು ಟೋ ತಪ್ಪಿದ್ದರ ಗುರುತು. ಎರಡೂ ದಿಕ್ಕಿಗೆ ಒಂದೇ ಸಮ ನುಣುಪಾಗಿದ್ದು ಒಳಗಡೆ ಮಾತ್ರ ತಗ್ಗಾಗಿದ್ದರೆ ಕ್ಯಾಂಬರ್ ತಪ್ಪಿದೆ, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದೆ. ತಂತಿ ಹೊರಬಂದಿರುವ ಟೈರಿನ ಮೇಲೆ ಮಾತ್ರ ಕೈ ಆಡಿಸಬೇಡಿ. ಉಕ್ಕಿನ ಎಳೆ ಸೂಜಿಯಂತೆ ಒಳಹೊಕ್ಕು ಮುರಿಯುತ್ತದೆ. ತಂತಿ ಕಂಡರೆ ಆ ಟೈರಿನಲ್ಲಿ ಪೇಟೆಯೊಳಗೂ ಓಡಾಡಬೇಡಿ.

ಟೋ ಎಂದರೇನು ಎಂಬುದು ನಮ್ಮ ಕಡೆಯ ರೈತರಿಗೆ ಬೇಗ ಅರ್ಥವಾಗುತ್ತದೆ. ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ ಎಳೆಯುತ್ತಿದ್ದರೂ ನೇಗಿಲು ನೇರವಾಗಿಯೇ ಹೋಗಬಹುದು. ಆದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ಮುಂದಿನ ಎರಡು ಚಕ್ರಗಳು ಒಂದಿಷ್ಟು ಹೊರಮುಖವಾಗಿದ್ದರೂ ಹೀಗೆಯೇ ಆಗುತ್ತದೆ. ಕಾರು ನೇರ ಹೋಗುತ್ತದೆ, ಸ್ಟೇರಿಂಗ್ ಎಳೆಯುವುದಿಲ್ಲ, ನಡೆಸುವವರಿಗೆ ಏನೂ ತಿಳಿಯುವುದಿಲ್ಲ. ಟೈರು ಮಾತ್ರ ಉರುಳುತ್ತಲೇ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಚಕ್ರ ಕೇವಲ ಅರ್ಧ ಡಿಗ್ರಿ ತಪ್ಪಿದ್ದರೆ ಪ್ರತಿ ಕಿ.ಮೀ.ಗೆ ಸುಮಾರು 8.7 ಮೀಟರ್ ಅಡ್ಡಕ್ಕೆ ಜಾರಬೇಕಾಗುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ನೀವು ಅಲ್ಲಿಗೆ ತಲುಪುವಷ್ಟರಲ್ಲಿ ಆ ಟೈರು ಎರಡು ಕಿ.ಮೀ.ಗಿಂತ ಹೆಚ್ಚು ದೂರ ಡಾಂಬರಿನ ಮೇಲೆ ಅಡ್ಡಡ್ಡ ಉಜ್ಜಿಸಿಕೊಂಡಿರುತ್ತದೆ. ಉಳಿಯುವುದಾದರೂ ಹೇಗೆ?

ಮೂರು ತಿಂಗಳ ಹಿಂದೆ ಅಲೈನ್‌ಮೆಂಟ್ ಮಾಡಿಸಿದ್ದೆ ಎಂದಿದ್ದೀರಿ. ನನ್ನ ಅನುಮಾನ ಇರುವುದು ಅಲ್ಲಿಯೇ. ಸಾಮಾನ್ಯ ಕುಟುಂಬದ ಕಾರುಗಳಲ್ಲಿ ಅಲೈನ್‌ಮೆಂಟ್ ಮಾಡುವವರು ತಿರುಗಿಸಿ ಸರಿಪಡಿಸುವುದು ಹೆಚ್ಚಾಗಿ ಮುಂದಿನ ಟೋ ಒಂದನ್ನೇ, ಅದೂ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಮೂಲಕ. ಹೆಚ್ಚಿನ ಕಾರುಗಳಲ್ಲಿ ಕ್ಯಾಂಬರ್ ಹೊಂದಿಸಲು ಬೋಲ್ಟೇ ಇರುವುದಿಲ್ಲ. ಕ್ಯಾಂಬರ್ ತಪ್ಪಿದೆ ಎಂದರೆ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ) ಬಾಗಿದೆ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್ ಪೆಟ್ಟು ತಿಂದಿದೆ, ಅಥವಾ ಅದರ ಕೀಲಿನ ರಬ್ಬರ್ ಬುಷ್ ಸವೆದಿದೆ. ಬುಷ್ ಸವೆದಿರುವ ಕಾರಿಗೆ ಅಲೈನ್‌ಮೆಂಟ್ ಮಾಡಿದರೆ ಯಂತ್ರದ ಮೇಲೆ ನಿಂತಿರುವಾಗ ಅಂಕಿಗಳೆಲ್ಲ ಹಸಿರಾಗಿ, ಅಂದರೆ ಸರಿಯಾಗಿ, ಕಾಣುತ್ತವೆ. ರಸ್ತೆಗಿಳಿದು ಬ್ರೇಕ್ ಒತ್ತಿದೊಡನೆ ಆರ್ಮ್ ತನ್ನ ಜಾಗದಲ್ಲೇ ಅಲುಗಿ ಚಕ್ರ ಹೊರಮುಖವಾಗುತ್ತದೆ. ಯಂತ್ರ ಕೊಟ್ಟ ಹಾಳೆಯಲ್ಲಿದ್ದ ಅಂಕಿ ಸುಳ್ಳಲ್ಲ, ಅದು ನಿಂತ ಕಾರಿನ ಅಂಕಿ ಅಷ್ಟೆ.

ಆದ್ದರಿಂದ ಟೈರಿನ ಅಂಗಡಿಗೆ ಹೋಗುವ ಮೊದಲು ನಿಮ್ಮ ನಂಬಿಕೆಯ ಮೆಕ್ಯಾನಿಕ್ ಬಳಿ ಹೋಗಿ ಕಾರನ್ನು ಲಿಫ್ಟ್‌ಗೆ ಏರಿಸಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಕಟಕಟ ಎಂದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ನೋಡಬೇಕು. ಎಡಕ್ಕೂ ಬಲಕ್ಕೂ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡರೆ ಟೈ ರಾಡ್ ಎಂಡ್. ಲೋಯರ್ ಆರ್ಮ್ ಬುಷ್ ಕೈಗೆ ತಿಳಿಯುವುದಿಲ್ಲ. ಸಲಾಕೆ ಹಾಕಿ ಮೀಟಿದಾಗ ರಬ್ಬರ್ ಸೀಳಿ ಆರ್ಮ್ ಹಿಂದೆ ಮುಂದೆ ಸರಿಯುತ್ತದೆ. ಎದುರಿಗೆ ನಿಂತು ನೋಡಿ, ತೋರಿಸಿ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಸಂತೋಷದಿಂದ ತೋರಿಸುತ್ತಾರೆ.

ದಾವಣಗೆರೆಯಲ್ಲಿ ಇದು ಹೆಚ್ಚಾಗಿ ಕಾಣಿಸುವುದಕ್ಕೆ ಒಂದು ಕಾರಣ ನನ್ನ ಗಮನಕ್ಕೆ ಬಂದಿದೆ. ಬಡಾವಣೆಗಳ ಒಳರಸ್ತೆಗಳು ಕಾಂಕ್ರೀಟ್ ಆಗಿವೆ, ಅಂಚಿನ ಮಣ್ಣು ಮಾತ್ರ ಹಲವು ಕಡೆ ಅರ್ಧ ಅಡಿ ತಗ್ಗಿನಲ್ಲಿದೆ. ಎದುರಿನಿಂದ ಬಂದ ಗಾಡಿಗೆ ದಾರಿ ಬಿಡಲು ಎಡಚಕ್ರ ಕೆಳಗಿಳಿಯುತ್ತದೆ, ಮತ್ತೆ ಮೇಲೇರುವಾಗ ಓರೆಯಾಗಿ ಆ ಕಾಂಕ್ರೀಟ್ ಅಂಚಿಗೆ ಉಜ್ಜಿಕೊಂಡು ಏರುತ್ತದೆ. ದಿನಕ್ಕೆ ನಾಲ್ಕು ಸಲ ಹೀಗಾದರೆ ಟೈರಿನ ಗೋಡೆಗೂ ಪೆಟ್ಟು, ಟೈ ರಾಡಿಗೂ ಪೆಟ್ಟು. ಏರಲೇಬೇಕಾದಾಗ ನಿಧಾನವಾಗಿ, ಸಾಧ್ಯವಾದಷ್ಟು ನೇರವಾಗಿ ಏರಿ.

ಇನ್ನು ಎರಡೋ ನಾಲ್ಕೋ ಎಂಬ ಪ್ರಶ್ನೆ. ನೀವು ಬರೆದಿರುವ 1119 ಎಂಬ ಅಂಕಿಯಲ್ಲಿ ಉತ್ತರ ಇದೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನಿಮ್ಮ ಟೈರುಗಳು 2019ರ 11ನೆಯ ವಾರದಲ್ಲಿ, ಅಂದರೆ ಮಾರ್ಚ್ ತಿಂಗಳಲ್ಲಿ ತಯಾರಾದವು. ರಬ್ಬರ್ ಓಡಿದರೂ ಸವೆಯುತ್ತದೆ, ನಿಂತರೂ ಮುದಿಯಾಗುತ್ತದೆ. ಬಿಸಿಲು, ಗಾಳಿಯ ಆಮ್ಲಜನಕ, ಓಜೋನ್ ಸೇರಿ ಅದರ ಮೆದುತನ ಕಳೆಯುತ್ತವೆ. ಟೈರು ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಬೇಕು, ಎಷ್ಟೇ ಚೆನ್ನಾಗಿ ಕಂಡರೂ ಹತ್ತು ವರ್ಷಕ್ಕಿಂತ ಹೆಚ್ಚು ಇಡಬಾರದು ಎನ್ನುತ್ತಾರೆ ತಯಾರಕರು. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ಕಂಪನಿಗಳೂ ಇವೆ. ಏಪ್ರಿಲ್, ಮೇ ತಿಂಗಳಲ್ಲಿ 38–40 ಡಿಗ್ರಿ ಕಾಣುವ ನಮ್ಮ ಬಯಲುಸೀಮೆಯಲ್ಲಿ ನಾನು ಆರು ವರ್ಷವನ್ನೇ ಗಡಿ ಎಂದು ಹಿಡಿಯುತ್ತೇನೆ. ನಿಮ್ಮ ಹಿಂದಿನ ಟೈರುಗಳ ಬಟನ್ ಅರ್ಧ ಉಳಿದಿದ್ದರೂ ಗೋಡೆಯ ಬಿರುಕು ವಯಸ್ಸನ್ನು ಹೇಳುತ್ತಿದೆ. ನಾಲ್ಕನ್ನೂ ಬದಲಿಸಿ ಎನ್ನುವುದು ಈ ಕಾರಣಕ್ಕೆ. ಒಂದು ವೇಳೆ ಹಿಂದಿನವು ಮೂರು ವರ್ಷದ ಟೈರುಗಳಾಗಿದ್ದರೆ ಎರಡೇ ಸಾಕು ಎಂದು ನಾನೂ ಹೇಳುತ್ತಿದ್ದೆ.

ವಯಸ್ಸಿನ ಮಾತು ಬಂದಾಗ ಸ್ಟೆಪ್ನಿಯನ್ನು ಮರೆಯಬೇಡಿ. ಕೆಲವು ವರ್ಷಗಳ ಹಿಂದೆ, ಮೇ ತಿಂಗಳಲ್ಲಿ, ಹಿರಿಯೂರು ದಾಟಿ ಪಂಕ್ಚರ್ ಆದ ಒಂದು ಕುಟುಂಬ ಸ್ಟೆಪ್ನಿ ಹಾಕಿಕೊಂಡು ಹೊರಟಿತು. ಒಂಬತ್ತು ವರ್ಷ ಡಿಕ್ಕಿಯಲ್ಲಿ ಮಲಗಿದ್ದ ಟೈರು, ಒಮ್ಮೆಯೂ ನೆಲ ಮುಟ್ಟಿರಲಿಲ್ಲ. ಹೊಸದು ತಾನೇ ಎಂದು ಮೊದಲಿನ ವೇಗದಲ್ಲೇ ಹೋಗಿದ್ದಾರೆ. ಅರ್ಧ ಗಂಟೆಯೊಳಗೆ ಅದರ ಮೇಲ್ಮೈ ಪಟ್ಟಿಯೇ ಕಳಚಿ ಹೋಯಿತು. ಕಾರು ಡಿವೈಡರ್‌ಗೆ ತಾಗಿ ನಿಂತಿತು; ದೇವರ ದಯೆ, ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಮರುದಿನ ಆ ಟೈರು ನನ್ನ ಕೈಗೆ ಬಂತು. ಹೊಸ ಟೈರಿನ ಮೇಲಿರುವ ರಬ್ಬರ್ ಕೂದಲುಗಳು ಪಕ್ಕದ ಗೋಡೆಯಲ್ಲಿ ಹಾಗೇ ಇದ್ದವು. ಮೇಲಿನ ಪಟ್ಟಿ ಮಾತ್ರ ಕಾವಲಿಯಿಂದ ಎದ್ದ ದೋಸೆಯಂತೆ ಒಳಗಿನ ಉಕ್ಕಿನ ಪದರದಿಂದ ಬಿಡಿಸಿಕೊಂಡಿತ್ತು. ಉಗುರಿನಿಂದ ಒತ್ತಿದರೆ ರಬ್ಬರ್ ಬಗ್ಗುತ್ತಿರಲಿಲ್ಲ. ಅಂದಿನಿಂದ ನನ್ನಲ್ಲಿಗೆ ಬಂದ ಪ್ರತಿ ಕಾರಿನ ಡಿಕ್ಕಿ ತೆಗೆಸಿ ಸ್ಟೆಪ್ನಿಯ ಅಂಕಿ ಓದುತ್ತೇನೆ. ನಿಮ್ಮ ಸ್ಟೆಪ್ನಿಯೂ 2019ರದೇ ಇರಬೇಕು, ನೋಡಿ. ಅದನ್ನೂ ಬದಲಿಸಲು ಕೈಯಲ್ಲಿ ಹಣವಿಲ್ಲದಿದ್ದರೆ ಹತ್ತಿರದ ಟೈರ್ ಅಂಗಡಿಯವರೆಗೆ 60ರ ಒಳಗಿನ ವೇಗದಲ್ಲಿ ಹೋಗಲು ಮಾತ್ರ ಅದು ಎಂದು ಮನೆಯವರಿಗೆಲ್ಲ ಹೇಳಿಡಿ.

ಬಟನ್ ಎಷ್ಟು ಉಳಿದಿದೆ ಎಂದು ಅಳೆಯುವುದಕ್ಕೆ ಬೆಂಕಿಕಡ್ಡಿಯೊಂದು ಸಾಕು. ಟೈರಿನ ಉದ್ದದ ಕಾಲುವೆಯೊಳಗೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಬಟನ್‌ನ ಮೇಲ್ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಮಕ್ಕಳ ಸ್ಕೇಲಿನ ಪಕ್ಕ ಇಡಿ. ಹೊಸ ಕಾರು ಟೈರಿನಲ್ಲಿ ಏಳರಿಂದ ಎಂಟು ಮಿ.ಮೀ. ಆಳ ಇರುತ್ತದೆ. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿವೆ, ಅವುಗಳ ಎತ್ತರ 1.6 ಮಿ.ಮೀ.; ಬಟನ್ ಅವುಗಳ ಮಟ್ಟಕ್ಕೆ ಇಳಿದರೆ ನಮ್ಮ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರವೂ ಆ ಟೈರು ರಸ್ತೆಗೆ ಅನರ್ಹ. ಕಡ್ಡಿಯನ್ನು ಆ ದಿಬ್ಬದ ಮೇಲೆ ನಿಲ್ಲಿಸಬೇಡಿ, ಲೆಕ್ಕ ತಪ್ಪುತ್ತದೆ. ಒಳಅಂಚು, ನಡು, ಹೊರಅಂಚು ಮೂರೂ ಕಡೆ ಅಳೆಯಿರಿ. ನಿಮ್ಮ ಮುಂದಿನ ಟೈರಿಗೆ ಹೊರಅಂಚಿನಲ್ಲಿ ನಾಲ್ಕು ಮಿ.ಮೀ. ಇದ್ದರೂ ಒಳಗೆ ಸೊನ್ನೆ ಎಂದರೆ ಅದು ಸೊನ್ನೆಯ ಟೈರೇ.

ಆದರೆ 1.6ರವರೆಗೆ ಕಾಯಬೇಡಿ ಎನ್ನುತ್ತೇನೆ. ಟೈರಿನ ಕಾಲುವೆಗಳು ಇರುವುದು ನೀರನ್ನು ಅಡಿಯಿಂದ ಹೊರಹಾಕುವುದಕ್ಕೆ. ಭದ್ರಾ ನಾಲೆಯ ನೀರು ಕುಡಿದು ಬೆಳೆದ ನಾಡಿನವರಿಗೆ ಹೂಳು ತುಂಬಿದ ನಾಲೆ ಏನು ಮಾಡುತ್ತದೆ ಎಂದು ಹೇಳಬೇಕಿಲ್ಲ: ನೀರು ಮೇಲೆ ಹರಿಯುತ್ತದೆ. ಕಾಲುವೆಯ ಆಳ ಕಡಿಮೆಯಾದಂತೆ ಟೈರು ನೀರಿನ ಪದರದ ಮೇಲೆ ತೇಲುತ್ತದೆ, ಆಗ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ. ಮೂರು ಮಿ.ಮೀ.ಗಿಂತ ಕೆಳಗಿಳಿದ ಮೇಲೆ ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರ ಬೇಗ ಬೇಗ ಬೆಳೆಯುತ್ತದೆ. ಹೆದ್ದಾರಿಯಲ್ಲಿ ಓಡಾಡುವ ಕುಟುಂಬ ಮೂರಕ್ಕೆ ಬಂದಾಗ ಹಣ ಹೊಂದಿಸಲು ಶುರು ಮಾಡಬೇಕು, ಎರಡಕ್ಕೆ ಬಂದಾಗ ಬದಲಿಸಬೇಕು. ನಮ್ಮದು ಮಳೆ ಕಡಿಮೆಯ ಸೀಮೆ, ಅಷ್ಟೆಲ್ಲ ಬೇಕೇ ಎಂದು ಚಿತ್ರದುರ್ಗದಲ್ಲಿ ಅನೇಕರು ಕೇಳುತ್ತಾರೆ. ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಎಣ್ಣೆ, ದೂಳು, ರಬ್ಬರಿನ ಪುಡಿ ಕೂತಿರುತ್ತದೆ. ಮೊದಲ ಮಳೆ ಬಿದ್ದಾಗ ಅದೆಲ್ಲ ಸೇರಿ ಸಾಬೂನಿನ ನೊರೆಯಾಗುತ್ತದೆ. ಮಳೆ ಅಪರೂಪವಾದ ಊರಿನಲ್ಲಿ ಮೊದಲ ಮಳೆಯೇ ಹೆಚ್ಚು ಅಪಾಯ.

ಈಗ ಭಾವನವರ ಮಾತಿಗೆ ಬರುತ್ತೇನೆ. ಹೊಸ ಟೈರು ಮುಂದೆ ಹಾಕಬೇಕು ಎನ್ನುವುದು ನಮ್ಮಲ್ಲಿ ಬಹಳ ಮಂದಿಯ ನಂಬಿಕೆ. ಇಂಜಿನ್ನಿನ ಬಲ ಮುಂದಿನ ಚಕ್ರಕ್ಕೆ, ತಿರುಗುವುದೂ ಮುಂದಿನದೇ, ಬ್ರೇಕಿನ ಭಾರ ಹೆಚ್ಚು ಬೀಳುವುದೂ ಅದರ ಮೇಲೆ, ಆದ್ದರಿಂದ ಒಳ್ಳೆಯದು ಅಲ್ಲಿರಲಿ ಎಂಬ ಯೋಚನೆ ಸಹಜ. ಆದರೆ ಒದ್ದೆ ತಿರುವಿನಲ್ಲಿ ಏನಾಗುತ್ತದೆ ನೋಡಿ. ಮುಂದಿನ ಟೈರು ಹಿಡಿತ ಬಿಟ್ಟರೆ ಕಾರು ತಿರುಗದೆ ನೇರಕ್ಕೆ ಜಾರುತ್ತದೆ. ನಡೆಸುವವರು ಗಾಬರಿಯಿಂದ ಆಕ್ಸಿಲರೇಟರ್ ಬಿಡುತ್ತಾರೆ, ವೇಗ ಇಳಿಯುತ್ತದೆ, ಹಿಡಿತ ಮರಳುತ್ತದೆ. ಗಾಬರಿಯಲ್ಲಿ ಮಾಡಿದ ಕೆಲಸವೇ ಅಲ್ಲಿ ಕಾಪಾಡುತ್ತದೆ. ಹಿಂದಿನ ಟೈರು ಹಿಡಿತ ಬಿಟ್ಟರೆ ಕಾರಿನ ಬಾಲವೇ ಹೊರಕ್ಕೆ ಬೀಸುತ್ತದೆ. ಆಗ ಆಕ್ಸಿಲರೇಟರ್ ಬಿಟ್ಟರೆ ಭಾರ ಇನ್ನಷ್ಟು ಮುಂದಕ್ಕೆ ಹೋಗಿ ಹಿಂಬದಿ ಮತ್ತೂ ಹಗುರವಾಗಿ ಕಾರು ಬುಗುರಿಯಂತೆ ತಿರುಗುತ್ತದೆ. ಅದನ್ನು ಸಂಭಾಳಿಸುವ ಅಭ್ಯಾಸ ನಮ್ಮ ನಿಮ್ಮಂಥವರಿಗೆ ಇಲ್ಲ. ಮಳೆಗಾಲದಲ್ಲಿ ಶೃಂಗೇರಿ, ಹೊರನಾಡಿಗೆ ಹೊರಡುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎರಡೇ ಕೊಂಡರೆ ಹಿಂದಿನ ಟೈರುಗಳು ಮುಂದಕ್ಕೆ ಬರಲಿ, ಹೊಸವು ಹಿಂದಕ್ಕೆ ಹೋಗಲಿ. ಟೈರು ತಯಾರಿಸುವ ದೊಡ್ಡ ಕಂಪನಿಗಳು ಹೇಳುವುದೂ ಇದನ್ನೇ. ಭಾವನವರಿಗೆ ಬೇಸರವಾಗದಂತೆ ಹೇಳಿ. ಅವರು ಹೇಳಿದ್ದು ನಿಮ್ಮ ಒಳಿತಿಗೇ.

ಅಗಲದ ಟೈರಿನ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ನಿಮ್ಮ ಟೈರಿನ ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ರಿಮ್ 15 ಇಂಚು. ಒಟ್ಟು ವ್ಯಾಸ ಲೆಕ್ಕ ಹಾಕಿದರೆ ಸುಮಾರು 621 ಮಿ.ಮೀ. ಅದೇ 65ರಲ್ಲಿ 205ಕ್ಕೆ ಹೋದರೆ ಸುಮಾರು 647 ಮಿ.ಮೀ., ಶೇ. 4ಕ್ಕಿಂತ ಹೆಚ್ಚು ದೊಡ್ಡದು. ಮುಳ್ಳು 100 ತೋರಿಸುವಾಗ ಕಾರು ಮೊದಲಿಗಿಂತ 4 ಕಿ.ಮೀ. ಜಾಸ್ತಿ ವೇಗದಲ್ಲಿರುತ್ತದೆ. ಐದು ಜನ ಕೂತು, ಡಿಕ್ಕಿ ತುಂಬಿ, ಹಂಪ್ ಮೇಲೆ ಸ್ಟೇರಿಂಗ್ ತಿರುಗಿಸಿದಾಗ ಮಡ್‌ಗಾರ್ಡಿನ ಒಳಗೆ ಉಜ್ಜುವ ಸಂಭವ ಇದೆ. ಸ್ಟೇರಿಂಗ್ ಭಾರವಾಗುತ್ತದೆ, ಮೈಲೇಜ್ ಇಳಿಯುತ್ತದೆ, ಸ್ಟೆಪ್ನಿಯ ಅಳತೆ ಬೇರೆಯಾಗುತ್ತದೆ, ಅಪಘಾತವಾದರೆ ವಿಮೆಯವರು ಪ್ರಶ್ನೆ ಎತ್ತಲು ದಾರಿಯಾಗುತ್ತದೆ. ಕಾರು ಕಂಪನಿ ಚಾಲಕರ ಬಾಗಿಲ ಚೌಕಟ್ಟಿನ ಮೇಲೆ ಅಂಟಿಸಿರುವ ಚೀಟಿಯಲ್ಲಿ ಯಾವ ಅಳತೆ ಇದೆಯೋ ಅದನ್ನೇ ಹಾಕಿಸಿ. 88 ಎಂಬುದು ಒಂದು ಟೈರು ಹೊರಬಲ್ಲ ಭಾರ, 560 ಕಿಲೊ. ಎಚ್ ಎಂದರೆ 210 ಕಿ.ಮೀ. ವೇಗದವರೆಗೆ ತಾಳುತ್ತದೆ ಎಂದು. ಈ ಎರಡೂ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆಯಾಗಬಾರದು. 84 ಎಂದಿರುವ ಟೈರು ಹೊರುವುದು 500 ಕಿಲೊ ಮಾತ್ರ. ಅಗ್ಗಕ್ಕೆ ಸಿಕ್ಕಿತೆಂದು ಅಂಥದ್ದನ್ನು ಹಾಕಿಸಿಕೊಂಡು ಅಕ್ಕಿಮೂಟೆ ಸಮೇತ ಊರಿಗೆ ಹೊರಡುವವರನ್ನು ಕಂಡಿದ್ದೇನೆ.

ಯಾವ ಕಂಪನಿಯದು ಎಂದು ನೀವು ಕೇಳಿಲ್ಲ, ಆದರೆ ಅಂಗಡಿಯಲ್ಲಿ ಆ ಪ್ರಶ್ನೆ ಎದುರಾಗುತ್ತದೆ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಡ್ಜ್‌ಸ್ಟೋನ್, ಯೊಕೊಹಾಮಾ, ಗುಡ್‌ಇಯರ್, ಮಿಷೆಲಿನ್ ಇವೆಲ್ಲವೂ ನಿಮ್ಮ ಅಳತೆಯಲ್ಲಿ ಯೋಗ್ಯ ಟೈರು ಮಾಡಿವೆ. ಹಿರಿಯರು ಕೆಲವರು ಈಗಲೂ ನಮ್ಮ ಮೈಸೂರಿನ ವಿಕ್ರಾಂತ್ ಇದೆಯೇ ಎಂದು ಪ್ರೀತಿಯಿಂದ ಕೇಳುತ್ತಾರೆ; ಆ ಕಾರ್ಖಾನೆ 1997ರಲ್ಲಿ ಜೆಕೆಯವರ ಕೈಗೆ ಹೋಯಿತು. ಹೆಸರಿಗಿಂತ ನೋಡಬೇಕಾದದ್ದು ಟೈರಿನ ಗುಣ. ಒಂದೇ ಕಂಪನಿ ಹೆಚ್ಚು ಬಾಳಿಕೆಯ ಗಟ್ಟಿ ರಬ್ಬರಿನದನ್ನೂ ಮಾಡುತ್ತದೆ, ಹಿಡಿತ ಹೆಚ್ಚಿರುವ ಮೆದು ರಬ್ಬರಿನದನ್ನೂ ಮಾಡುತ್ತದೆ, ಮೈಲೇಜಿಗೆಂದು ಬೇರೆಯದನ್ನೂ ಮಾಡುತ್ತದೆ. ಅಂಗಡಿಯಲ್ಲಿ ಮೊದಲು ತೋರಿಸುವುದು ಸಾಮಾನ್ಯವಾಗಿ ಬಾಳಿಕೆಯದನ್ನು, ಎಂಬತ್ತು ಸಾವಿರ ಕಿ.ಮೀ. ಬರುತ್ತದೆ ನೋಡಿ ಎಂದು.

ನಿಮ್ಮ ಲೆಕ್ಕವೇ ಬೇರೆ. ಸುಮಾರು ಆರೂವರೆ ವರ್ಷದಲ್ಲಿ 52,000 ಎಂದರೆ ವರ್ಷಕ್ಕೆ ಎಂಟು ಸಾವಿರ. ಆರು ವರ್ಷಕ್ಕೆ ನೀವು ಓಡಿಸುವುದು 48,000. ಅಷ್ಟರಲ್ಲಿ ಟೈರಿಗೆ ವಯಸ್ಸಾಗಿ ಹೇಗೂ ಬದಲಿಸಬೇಕು. ಎಂಬತ್ತು ಸಾವಿರ ಬಾಳುವ ಟೈರಿನ ಉಳಿದ ಮೂವತ್ತೆರಡು ಸಾವಿರ ನಿಮಗೆ ಎಂದೂ ಸಿಗದು, ಆದರೆ ಅದಕ್ಕಾಗಿ ಮಳೆಯ ಹಿಡಿತವನ್ನು ಬಿಟ್ಟುಕೊಟ್ಟಿರುತ್ತೀರಿ. ಆದ್ದರಿಂದ ನಿಮ್ಮಂತೆ ಕಡಿಮೆ ಓಡಿಸುವ, ವಯಸ್ಸಾದವರನ್ನು ಕೂರಿಸಿಕೊಂಡು ಹೆದ್ದಾರಿಗಿಳಿಯುವ ಕುಟುಂಬ ಒದ್ದೆ ರಸ್ತೆಯ ಹಿಡಿತ ಮತ್ತು ಸದ್ದಿಲ್ಲದ ಸವಾರಿಗೆ ಹೆಸರಾದ ಮಾದರಿಯನ್ನೇ ಕೇಳಿ ಕೊಳ್ಳಬೇಕು. ದಿನಕ್ಕೆ ಇನ್ನೂರು ಕಿ.ಮೀ. ಓಡಿಸುವ ಟ್ಯಾಕ್ಸಿಯವರಿಗೆ ನಾನು ಇದಕ್ಕೆ ತದ್ವಿರುದ್ಧ ಸಲಹೆ ಕೊಡುತ್ತೇನೆ. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರನ್ನು ಪರೀಕ್ಷಿಸಲು ನಮ್ಮ ದೇಶದಲ್ಲೂ ಈಗ ಎಐಎಸ್ 142 ಎಂಬ ಮಾನದಂಡ ಇದೆ. ಐಎಸ್‌ಐ ಗುರುತು ಇಲ್ಲದ ಟೈರನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಲಾರಿಗೆ ಹಾಕುವಂತೆ ರೀಸೋಲ್ ಮಾಡಿಸಿದ (ಸವೆದದ್ದಕ್ಕೆ ಹೊಸ ರಬ್ಬರ್ ಪಟ್ಟಿ ಅಂಟಿಸಿದ) ಟೈರು ಕಾರಿಗೆ ಬೇಡವೇ ಬೇಡ.

ಬೆಲೆಯ ವಿಷಯ: 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಬಿಲ್ ಇಲ್ಲದೆ ಕೊಟ್ಟರೆ ಇಷ್ಟು ಕಡಿಮೆ ಎನ್ನುವ ಮಾತಿಗೆ ಒಪ್ಪಬೇಡಿ, ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ. ಟೈರನ್ನು ರಿಮ್‌ಗೆ ಏರಿಸುವ ಮೊದಲು ನಾಲ್ಕರ ಮೇಲಿನ ವಾರ–ವರ್ಷದ ಅಂಕಿ ಓದಿ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ತರಿಸಿಕೊಡಿ ಎನ್ನಿ. ಒಂದು ಕಡೆ ಮಾತ್ರ ಅಂಕಿ ಇರುತ್ತದೆ, ಅದು ಒಳಮುಖವಾಗಿ ಕೂತರೆ ಆಮೇಲೆ ಕಾಣುವುದಿಲ್ಲ. ರಬ್ಬರ್ ವಾಲ್ವ್‌ಗಳನ್ನೂ ಹೊಸದಾಗಿ ಹಾಕಿಸಿ. ಅದಕ್ಕಾಗುವ ಖರ್ಚು ಟೈರಿನ ಮುಂದೆ ಏನೇನೂ ಅಲ್ಲ. ಬ್ಯಾಲೆನ್ಸಿಂಗ್ ಬಿಡಬೇಡಿ, 80–100ರ ವೇಗದಲ್ಲಿ ಸ್ಟೇರಿಂಗ್ ನಡುಗುವುದು ಅದನ್ನು ಬಿಟ್ಟಾಗಲೇ.

ಗಾಳಿಯ ವಿಷಯದಲ್ಲಿ ಒಂದು ತಪ್ಪು ನಂಬಿಕೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಬೇಸಿಗೆಯಲ್ಲಿ ಟೈರು ಒಡೆಯುತ್ತದೆ, ಆದ್ದರಿಂದ ಗಾಳಿ ಕಡಿಮೆ ಇಡಬೇಕು ಎಂದು. ನಡೆಯುವುದು ಇದರ ತಿರುಗುಮುರುಗು. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಾಗಿಸಿದರೆ ಮಡಿಕೆಯ ಜಾಗ ಬಿಸಿಯಾಗುತ್ತದಲ್ಲ, ಟೈರಿನ ಗೋಡೆಯಲ್ಲೂ ಹಾಗೆಯೇ. ನಿಮ್ಮ ಅಳತೆಯ ಟೈರು ಒಂದು ಕಿ.ಮೀ.ಗೆ ಐನೂರಕ್ಕೂ ಹೆಚ್ಚು ಸುತ್ತು ಹಾಕುತ್ತದೆ. ಆರು ಪಥದ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಎರಡು ಗಂಟೆ ಓಡುವಾಗ ಆ ಶಾಖಕ್ಕೆ ಆರಲು ಸಮಯವೇ ಸಿಗುವುದಿಲ್ಲ. ಬೇಸಿಗೆಯಲ್ಲಿ ಒಡೆದು ನನ್ನ ಬಳಿಗೆ ಬಂದ ಟೈರುಗಳ ಒಳಗೋಡೆಯಲ್ಲಿ ಸುತ್ತಲೂ ಕರಿ ಪುಡಿಯ ಪಟ್ಟೆ ಕಾಣುತ್ತದೆ. ಗಾಳಿ ಕಡಿಮೆಯಾಗಿ ರಬ್ಬರ್ ತನ್ನನ್ನು ತಾನೇ ಅರೆದುಕೊಂಡ ಗುರುತು ಅದು. ಬಾಗಿಲ ಚೀಟಿಯಲ್ಲಿ 33 ಪಿಎಸ್‌ಐ ಎಂದಿದ್ದರೆ ಮೇ ತಿಂಗಳಲ್ಲೂ 33. ಪೂರ್ತಿ ಜನ, ಸಾಮಾನು ಇದ್ದಾಗ ಅದೇ ಚೀಟಿಯಲ್ಲಿ ಹಿಂದಿನ ಚಕ್ರಕ್ಕೆ ಹೆಚ್ಚಿನ ಅಂಕಿ ಇದೆಯೇ ನೋಡಿ. ಬೆಳಿಗ್ಗೆ ಹೊರಡುವ ಮೊದಲು, ಟೈರು ತಣ್ಣಗಿರುವಾಗ ಹಾಕಿಸಿ. ಸಿರಾ ಹತ್ತಿರ ನಿಲ್ಲಿಸಿ ನೋಡಿದಾಗ ಅದು 37 ತೋರಿಸಿದರೆ ಹೆದರಬೇಡಿ, ಗಾಳಿ ಬಿಡಿಸಬೇಡಿ. ಓಡಿ ಬಿಸಿಯಾದ ಟೈರಿನಲ್ಲಿ ಅಷ್ಟು ಏರುವುದು ಸಹಜ, ಅದಕ್ಕೂ ಸೇರಿಸಿಯೇ ಚೀಟಿ ಬರೆದಿದ್ದಾರೆ. ನೈಟ್ರೋಜನ್ ಹಾಕಿಸಬೇಕೇ ಎಂದರೆ, ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ಅದಿದೆ. ಹದಿನೈದು ದಿನಕ್ಕೊಮ್ಮೆ ಸಾಮಾನ್ಯ ಗಾಳಿ ಪರೀಕ್ಷಿಸುವ ಅಭ್ಯಾಸ ಅದಕ್ಕಿಂತ ಮೇಲು.

ಹೊಸ ಟೈರಿನ ಮೇಲೆ ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡಿನ ಪದರ ಇರುತ್ತದೆ. ಮೊದಲ ಇನ್ನೂರು ಮುನ್ನೂರು ಕಿ.ಮೀ. ಜೋರಾಗಿ ಬ್ರೇಕ್ ಹಾಕುವುದು, ತಿರುವಿನಲ್ಲಿ ಅವಸರ ಮಾಡುವುದು ಬೇಡ. ನಟ್ಟುಗಳನ್ನು ಏರ್ ಗನ್‌ನಲ್ಲಿ ಬಿಗಿದು ಬಿಟ್ಟರೆ ಒಪ್ಪಬೇಡಿ, ಕೊನೆಯ ಬಿಗಿ, ಬಿಗಿಯುವ ಬಲವನ್ನು ಅಳೆದು ತೋರಿಸುವ ಟಾರ್ಕ್ ಸ್ಪ್ಯಾನರ್‌ನಲ್ಲಿ ಆಗಲಿ, ಐವತ್ತು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ. ಎಂಟರಿಂದ ಹತ್ತು ಸಾವಿರ ಕಿ.ಮೀ.ಗೊಮ್ಮೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿಸಿದರೆ ನಾಲ್ಕೂ ಒಂದೇ ಸಮ ಸವೆಯುತ್ತವೆ. ಪಂಕ್ಚರ್ ಆದರೆ ಬಟನ್ ಇರುವ ಭಾಗದಲ್ಲಿ ಮಾತ್ರ ರಿಪೇರಿ. ಪಕ್ಕದ ಗೋಡೆಯಲ್ಲಿ ರಂಧ್ರವಾದರೆ ಅಥವಾ ಉಬ್ಬು ಕಂಡರೆ ಆ ಟೈರು ಮುಗಿಯಿತು. ಉಬ್ಬು ಬಂದಿದೆ ಎಂದರೆ ಒಳಗಿನ ದಾರಗಳು ಕಡಿದಿವೆ, ತೆಳು ರಬ್ಬರ್ ಒಂದೇ ಗಾಳಿಯನ್ನು ಹಿಡಿದಿದೆ.

ಒಂದೇ ಸಲಕ್ಕೆ ನಾಲ್ಕಕ್ಕೆ ಹಣ ಹೊಂದದಿದ್ದರೆ ಹೀಗೆ ಮಾಡಿ: ಮೊದಲು ಬುಷ್ ಅಥವಾ ಬಾಲ್ ಜಾಯಿಂಟ್ ಕೆಲಸ, ಆಮೇಲೆ ಎರಡು ಹೊಸ ಟೈರು ಹಿಂದಕ್ಕೆ, ಈಗ ಹಿಂದಿರುವವು ಮುಂದಕ್ಕೆ, ಕೊನೆಗೆ ಅಲೈನ್‌ಮೆಂಟ್. ಮುಂದೆ ಬಂದ ಆ ಹಳೆಯವುಗಳ ಜೊತೆ ಎರಡು ಮೂರು ತಿಂಗಳು, ಹೆದ್ದಾರಿಯಲ್ಲಿ 80 ದಾಟದೆ ಓಡಿಸಿ. ಮಳೆಗಾಲ ಶುರುವಾಗುವುದರೊಳಗೆ ಉಳಿದೆರಡನ್ನೂ ಕೊಂಡುಬಿಡಿ. ಅಲ್ಲಿಯವರೆಗೆ ಅಪ್ಪ ಅಮ್ಮನನ್ನು ರೈಲಿನಲ್ಲಿ ಕರೆದೊಯ್ಯುವುದು ಒಳ್ಳೆಯದು, ದಾವಣಗೆರೆಯಿಂದ ಬೆಂಗಳೂರಿಗೆ ಅದರ ಅನುಕೂಲ ಇದ್ದೇ ಇದೆ.

ಅಲೈನ್‌ಮೆಂಟ್ ಮಾಡಿಸುವಾಗ ಯಂತ್ರದಿಂದ ಎರಡು ಹಾಳೆ ಕೇಳಿ ತೆಗೆದುಕೊಳ್ಳಿ: ಕೆಲಸಕ್ಕೆ ಮೊದಲಿನದು, ಕೆಲಸದ ನಂತರದ್ದು. ಎರಡರಲ್ಲೂ ಹಿಂದಿನ ಚಕ್ರಗಳ ಅಂಕಿಯೂ ಇರಬೇಕು. ಹಿಂದಿನದು ತಿರುಗಿಸಲು ಬಾರದು ಎಂದು ಅದನ್ನು ಅಳೆಯದೆ ಬಿಡುವವರಿದ್ದಾರೆ. ಆ ಎರಡು ಹಾಳೆಗಳ ಚಿತ್ರವನ್ನೂ ಹಳೆಯ ಮುಂದಿನ ಟೈರುಗಳ ಒಳಅಂಚಿನ ಚಿತ್ರವನ್ನೂ ನನಗೆ ಕಳುಹಿಸಿ. ಎಡಗಡೆಯದು ಯಾವುದು, ಬಲಗಡೆಯದು ಯಾವುದು ಎಂದು ಸೀಮೆಸುಣ್ಣದಲ್ಲಿ ಟೈರಿನ ಮೇಲೆಯೇ ಬರೆದು ಚಿತ್ರ ತೆಗೆಯಿರಿ, ಬಿಚ್ಚಿದ ಮೇಲೆ ಗುರುತು ಸಿಗುವುದಿಲ್ಲ.